ಕೆಲಸ ಅದೇ, ಕಷ್ಟ ಮಾತ್ರ ಹೊಸದು

ತುಮಕೂರು ಬಳಿಯ ಕೋರದ ಓದುಗರೊಬ್ಬರು ಕೇಳಿದ್ದಾರೆ: “ನನ್ನ ತಮ್ಮನಿಗೆ ಆಟಿಸಂ ಇದೆ. ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಅಚ್ಚುಕಟ್ಟಾಗಿ ಮಾಡಿಕೊಂಡಿದ್ದ. ಕೊರೊನಾ ಬಂದ ಮೇಲೆ ಗೇಟು ದಾಟುವುದಕ್ಕೇ ಹೆದರತೊಡಗಿದ. ಕೆಲಸ ಬದಲಾಗಿರಲಿಲ್ಲ, ಹೀಗೇಕಾಯಿತು?”

ಉತ್ತರಕ್ಕೆ ಮೊದಲು, ತುಮಕೂರಿನಿಂದ ಕೋರಕ್ಕೆ ದಿನವೂ ಬಸ್ಸಿನಲ್ಲಿ ಬರುವವರನ್ನು ಗಮನಿಸಿ. ತೂಕಡಿಸುತ್ತಿದ್ದರೂ ತಮ್ಮ ಸ್ಟಾಪು ಹತ್ತಿರವಾದಾಗ ಎಚ್ಚರವಾಗುತ್ತಾರೆ. ಯಾವ ತಿರುವಿನ ನಂತರ ಯಾವ ಹಂಪು ಎಂದು ಮಿದುಳು ಮೊದಲೇ ಊಹಿಸಿಟ್ಟುಕೊಂಡಿರುತ್ತದೆ. ಊಹೆ ನಿಜವಾಗುತ್ತಿರುವಷ್ಟು ಹೊತ್ತು ಅದಕ್ಕೆ ನಿರಾಳ. ಬಸ್ಸು ಬೇರೆ ದಾರಿ ಹಿಡಿದರೆ ಎಲ್ಲರೂ ಕಣ್ಣು ಬಿಡುತ್ತಾರೆ. ಹೆಚ್ಚಿನವರು ಒಮ್ಮೆ ಹೊರಗೆ ನೋಡಿ ಮತ್ತೆ ತೂಕಡಿಸುತ್ತಾರೆ. ಕೆಲವರಿಗೆ ಮಾತ್ರ ಆಮೇಲಿನ ಪ್ರತಿ ಕುಲುಕಾಟವೂ ಹೊಸದು, ಊರು ಮುಟ್ಟುವವರೆಗೆ ನೆಮ್ಮದಿಯಿಲ್ಲ.

ಸಂಶೋಧಕರಾದ ಲಿಜ್ ಪೆಲಿಕಾನೊ ಮತ್ತು ಡೇವಿಡ್ ಬರ್ 2012ರಲ್ಲಿ ಆಟಿಸಂ ಬಗ್ಗೆ ಮುಂದಿಟ್ಟ ವಾದವೂ ಇದೇ ದಾರಿಯದು: ಹಳೆಯ ಅನುಭವದಿಂದ ಬರುವ ಊಹೆಯ ಬಲ ಆಟಿಸಂ ಇರುವವರಲ್ಲಿ ಕಡಿಮೆ, ಆದ್ದರಿಂದ ಕಣ್ಣು, ಕಿವಿ, ಚರ್ಮಗಳ ಸುದ್ದಿ ಸೋಸದೆ ಒಳಗೆ ನುಗ್ಗುತ್ತದೆ. ಇದು ಒಂದು ಸಿದ್ಧಾಂತವಷ್ಟೆ, ಅಂತಿಮ ತೀರ್ಪಲ್ಲ. ಆದರೂ ನಿಮ್ಮ ತಮ್ಮನ ಕಷ್ಟವನ್ನು ಅದು ಚೆನ್ನಾಗಿ ಬಿಡಿಸಿ ಹೇಳುತ್ತದೆ.

2020ರ ಮಾರ್ಚ್ 25ರಂದು ಲಾಕ್‌ಡೌನ್ ಬಂತು. ಮತ್ತೆ ಬಾಗಿಲು ತೆರೆದಾಗ ಗೇಟಿನಲ್ಲಿ ಹಣೆಗೆ ಗುರಿಯಿಟ್ಟ ಥರ್ಮಾಮೀಟರ್, ಕಿವಿ ಹಿಂದೆ ಉಜ್ಜುವ ಮಾಸ್ಕ್ ದಾರ, ಮೂಗಿಗೆ ಅಡರುವ ಸ್ಯಾನಿಟೈಸರ್ ವಾಸನೆ. ಸೂಪರ್‌ವೈಸರ್ ಮುಖ ಅರ್ಧ ಮುಚ್ಚಿತ್ತು, ಮಾತು ಮಂಕಾಗಿತ್ತು. ಪಾಳಿ ಬೇರೆ, ಕ್ಯಾಂಟೀನಿನಲ್ಲಿ ಕೂರುವ ಜಾಗವೂ ಬೇರೆ. ಡಬ್ಬಿ ತುಂಬುವ ಕೆಲಸವೊಂದು ಬಿಟ್ಟು ಉಳಿದೆಲ್ಲ ಊಹೆಗಳೂ ಒಂದೇ ದಿನ ಸುಳ್ಳಾದವು.

ಎಲ್ಲರಿಗೂ ಹೀಗೇ ಆಗಲಿಲ್ಲ. ಕೊರೊನಾಕ್ಕೆ ಮೊದಲೇ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ ಲ್ಯಾಬ್ಸ್ ಆಟಿಸಂ ಇರುವವರನ್ನು ಸಾಫ್ಟ್‌ವೇರ್ ಪರೀಕ್ಷೆಗೆ ಸೇರಿಸಿಕೊಂಡಿತ್ತು, 2013ರಲ್ಲಿ ಮಾತೃಸಂಸ್ಥೆ ಎಸ್‌ಎಪಿ ಇದನ್ನು ಜಗತ್ತಿನಾದ್ಯಂತ ವಿಸ್ತರಿಸುವುದಾಗಿ ಘೋಷಿಸಿತು. ಅಂಥ ಕೆಲಸವನ್ನು ಮನೆಯಿಂದಲೇ ಮಾಡಬಹುದು, ಕಚೇರಿಯ ಗದ್ದಲ ಮತ್ತು ಕಣ್ಣು ಕುಕ್ಕುವ ಬೆಳಕು ತಪ್ಪುತ್ತವೆ. ಅದೇ ಮನೆ, ಗಮನ ಹಿಡಿದಿಡುವುದು ಕಷ್ಟವಾಗುವ ಎಡಿಎಚ್‌ಡಿ ಇರುವ ಎಷ್ಟೋ ಜನರಿಗೆ ಕಷ್ಟದ ಜಾಗ: ಪಕ್ಕದಲ್ಲಿ ಕೆಲಸ ಮಾಡುವವರಿಲ್ಲದೆ ಗಮನ ಚದುರುತ್ತದೆ, ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಹಾಗಾಗಿ ‘ಮನೆಯಿಂದ ಕೆಲಸವೇ ನರವೈವಿಧ್ಯದವರಿಗೆ, ಅಂದರೆ ಆಟಿಸಂ, ಎಡಿಎಚ್‌ಡಿಯಂಥವು ಇರುವವರಿಗೆ, ವರ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಲ್ಲದೆ, ಪ್ಯಾಕಿಂಗ್ ಲೈನನ್ನು ಯಾರೂ ಮನೆಗೆ ಒಯ್ಯಲಾರರು.

ಆದರೆ ಫ್ಯಾಕ್ಟರಿಯಲ್ಲೇ ಮಾಡಬಹುದಾದದ್ದು ಬೇಕಾದಷ್ಟಿದೆ. ಬದಲಾವಣೆಯನ್ನು ಹಿಂದಿನ ದಿನವೇ ತಿಳಿಸುವುದು, ಬರೆದು ಕೊಡುವುದು, ಚಿತ್ರ ತೋರಿಸುವುದು. ಥರ್ಮಾಮೀಟರನ್ನು ಹಣೆಯ ಬದಲು ಮಣಿಕಟ್ಟಿಗೆ ಹಿಡಿಯುವುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿರುವ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು ಎನ್ನುತ್ತದೆ ಅದು. ನಿಮ್ಮ ತಮ್ಮನ ಫ್ಯಾಕ್ಟರಿಯಲ್ಲಿ ಆ ನೀತಿಯ ಪ್ರತಿ ಕೇಳಿ, ಮುಂದಿನ ಸೋಂಕು ಬರುವ ಮೊದಲೇ ಈ ಮೇಲಿನ ಏರ್ಪಾಡುಗಳನ್ನು ಅದರಲ್ಲಿ ಬರೆಸಿ.