ಕಿವಿಯ ಮೂಲಕ ವಿದ್ಯೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಮನೆಗಳಲ್ಲಿಯೂ, ಕೇಳಿದ ಕಥೆಯನ್ನು ಚಾಚೂ ತಪ್ಪದೆ ಹೇಳುವ ಮಗುವು ಪುಸ್ತಕವನ್ನು ತೆರೆದೊಡನೆ ತಡವರಿಸುವುದುಂಟು. ಅದನ್ನು ದಡ್ಡತನವೆಂದು ದಂಡಿಸುವುದು ಅನ್ಯಾಯವು. ಅಕ್ಷರವನ್ನು ಅದರ ಧ್ವನಿಯೊಡನೆ ಕೂಡಿಸುವಲ್ಲಿ ಕೆಲವು ಮಕ್ಕಳಿಗಿರುವ ಜನ್ಮಜಾತವಾದ ತೊಡಕಿಗೆ ಡಿಸ್ಲೆಕ್ಸಿಯಾ ಎಂದು ಹೆಸರು. ಬುದ್ಧಿಗೆ ಇದರಿಂದ ಕೊರತೆಯಿಲ್ಲ.

ಕನ್ನಡದ ಒತ್ತಕ್ಷರಗಳೂ, ದಕಾರ ಧಕಾರಗಳಂತಹ ಸದೃಶರೂಪಗಳೂ ಇಂತಹ ಮಗುವನ್ನು ಬಹಳ ಬಳಲಿಸುವುವು. ವೇದವನ್ನೇ ಶ್ರುತಿಯೆಂದು ಕರೆದ ನಮ್ಮ ದೇಶದಲ್ಲಿ ಕಿವಿಯಿಂದ ಕಲಿಯುವುದು ಹೊಸತಲ್ಲ. ಈಗ ಮೊಬೈಲ್ ಫೋನೇ ಕನ್ನಡಪಾಠವನ್ನು ಗಟ್ಟಿಯಾಗಿ ಓದಬಲ್ಲುದು. ಅದರ ವೇಗವನ್ನು ತಗ್ಗಿಸಿ, ಅಕ್ಷರಗಳನ್ನು ದೊಡ್ಡವು ಮಾಡಿಕೊಟ್ಟರೆ, ಮಗುವು ಬೆರಳಿಟ್ಟು ಅನುಸರಿಸುವುದು. ಒಂದೇ ಸಾಲು ಕಾಣುವಂತೆ ಕಿಂಡಿಯನ್ನು ಕತ್ತರಿಸಿದ ರಟ್ಟೂ ಒಳ್ಳೆಯ ಸಾಧನವೇ. ಆದರೆ ಯಂತ್ರವು ಊರುಗೋಲು ಮಾತ್ರ; ಅಕ್ಷರಧ್ವನಿಗಳ ನಿತ್ಯಾಭ್ಯಾಸವನ್ನು ಬಿಡಲಾಗದು.

ಮೊದಲು ಕಣ್ಣು ಕಿವಿಗಳ ಪರೀಕ್ಷೆಯಾಗಲಿ. ಬಳಿಕ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಗುವನ್ನು ತೋರಿಸಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಈ ತೊಡಕನ್ನೂ ಒಳಗೊಂಡಿರುವುದರಿಂದ, ಪ್ರಮಾಣಪತ್ರವುಳ್ಳ ಮಕ್ಕಳು ಪರೀಕ್ಷೆಯಲ್ಲಿ ಹೆಚ್ಚಿನ ಕಾಲವನ್ನು ಕೋರಬಹುದು. ತಾಯಿತಂದೆಗಳೇ, ಓದು ಹತ್ತದೆಂದು ಶಾಲೆಯನ್ನು ಬಿಡಿಸುವುದಕ್ಕೆ ಮುಂಚೆ ಇಷ್ಟನ್ನಾದರೂ ಮಾಡಿರಿ.