ಒಂದೇ ಹಂತವೋ, ಎರಡು ಹಂತವೋ? ಮರಳಿ ಬರುವ ರಾಕೆಟ್ಟಿನ ಲೆಕ್ಕ

ಕುಂಜತ್ತೂರಿನ ಮಕ್ಕಳಿಗೆ ತಿರುವನಂತಪುರವು ರಾಜ್ಯದ ರಾಜಧಾನಿ. ಘಟ್ಟದಾಚೆಯ ಚಳ್ಳಕೆರೆಯು ಮನೆಮಾತಿನ ನಾಡು. ಈ ಎರಡು ಊರುಗಳನ್ನೂ ಬೆಸೆದ ವಾಹನವೊಂದಿದೆ. ಅದೇ ಇಸ್ರೋದ ‘ಪುಷ್ಪಕ್’. ತಿರುವನಂತಪುರದ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ನೇತೃತ್ವದಲ್ಲಿ ರೂಪುಗೊಂಡ ಈ ರೆಕ್ಕೆಯ ವಾಹನದ ಇಳಿದಾಣ ಪ್ರಯೋಗಗಳು ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2, 2024ರ ಮಾರ್ಚ್ 22 ಹಾಗೂ ಜೂನ್ 23ರಂದು ನಡೆದವು. ಹೆಲಿಕಾಪ್ಟರು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟ ವಾಹನವು ಚಾಲಕನಿಲ್ಲದೆ ತಾನೇ ದಾರಿ ತಿದ್ದಿಕೊಂಡು ಓಡುದಾರಿಗೆ ಇಳಿಯಿತು. ಎರಡನೆಯ ಪ್ರಯೋಗದ ದೇಹವನ್ನೇ ಮೂರನೆಯದರಲ್ಲಿ ಮರುಬಳಸಲಾಯಿತು.

ಹಾಗಾದರೆ ವಿಮಾನದಂತೆ ಇಡಿಯಾಗಿ ಏರಿ, ಇಡಿಯಾಗಿ ಮರಳುವ ಏಕಹಂತದ ರಾಕೆಟ್ಟನ್ನೇಕೆ ಕಟ್ಟಬಾರದು? ಅಡ್ಡಿಯಾಗುವುದು ತೂಕ. ಭೂಮಿಯನ್ನು ಸುತ್ತಲು ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗ ಬೇಕು. ದ್ರವ ಜಲಜನಕವನ್ನು ಉರಿಸಿದರೂ ಏಕಹಂತದ ವಾಹನದ ಆರಂಭದ ತೂಕದಲ್ಲಿ ನೂರಕ್ಕೆ ಸುಮಾರು 90 ಪಾಲು ನೋದಕವೇ ಆಗಿರಬೇಕು. ಉಳಿದ ಹತ್ತು ಪಾಲಿನಲ್ಲಿ ತೊಟ್ಟಿ, ಎಂಜಿನ್, ರೆಕ್ಕೆ, ಚಕ್ರ, ಶಾಖಕವಚ, ಕೊನೆಗೆ ಉಪಗ್ರಹ. ದೇಹ ಒಂದು ಕಿಲೋ ಹೆಚ್ಚಿದರೆ ಸರಕು ಒಂದು ಕಿಲೋ ಕುಗ್ಗುತ್ತದೆ. ಅಮೆರಿಕದ ಎಕ್ಸ್-33 ಯೋಜನೆ ಈ ಕನಸನ್ನೇ ಬೆನ್ನಟ್ಟಿತ್ತು. 1999ರಲ್ಲಿ ಅದರ ಹಗುರ ಇಂಧನತೊಟ್ಟಿ ಪರೀಕ್ಷೆಯಲ್ಲಿ ವಿಫಲವಾಯಿತು, 2001ರಲ್ಲಿ ಯೋಜನೆಯೇ ನಿಂತಿತು.

ಘಟ್ಟ ಹತ್ತುವವನು ಬರಿದಾದ ಬಿಂದಿಗೆಯನ್ನೂ ತುದಿಯವರೆಗೆ ಹೊರುವುದಿಲ್ಲ. ದ್ವಿಹಂತದ ಜಾಣ್ಮೆಯೂ ಇದೇ. ಬರಿದಾದ ಮೊದಲ ಹಂತವು ನಡುದಾರಿಯಲ್ಲೇ ಕಳಚಿ ಹಿಂದಿರುಗುತ್ತದೆ. ಅದರ ವೇಗ ಕಡಿಮೆಯಾದುದರಿಂದ ತಗಲುವ ಶಾಖವೂ ಕಡಿಮೆ. ಅದಕ್ಕೆ ಚಕ್ರವನ್ನೋ ಕಾಲನ್ನೋ ಜೋಡಿಸಿದರೂ ಸರಕಿಗೆ ಆಗುವ ನಷ್ಟ ಅಲ್ಪ. ಫಾಲ್ಕನ್-9 ರಾಕೆಟ್ಟಿನ ಮೊದಲ ಹಂತವು 2015ರ ಡಿಸೆಂಬರಿನಲ್ಲಿ ನೆಲಕ್ಕೆ ಮರಳಿದ್ದು ಹೀಗೆಯೇ. ಆದರೆ ಅದರ ಎರಡನೆಯ ಹಂತ ಮರುಬಳಕೆಯಾಗುವುದಿಲ್ಲ. ಕಕ್ಷೆಯ ವೇಗದಿಂದ ಸುಡದೆ ಮರಳುವುದೇ ನಿಜವಾದ ಕಠಿಣ ಕಾರ್ಯ. ಎರಡು ವಾಹನಗಳ ನಿರ್ವಹಣೆ, ಆಕಾಶದಲ್ಲಿ ಬೇರ್ಪಡುವಿಕೆ, ಮತ್ತೆ ಜೋಡಣೆ ಇವು ದ್ವಿಹಂತಕ್ಕೆ ತೆರಬೇಕಾದ ಬೆಲೆ.

ಇಸ್ರೋ ಆಯ್ದುಕೊಂಡ ಗುರಿಯೂ ಪೂರ್ಣ ಮರುಬಳಕೆಯ ದ್ವಿಹಂತ ವಾಹನವೇ. 2016ರ ಮೇ 23ರಂದು ಶ್ರೀಹರಿಕೋಟದಿಂದ ಹಾರಿದ 1.75 ಟನ್ನಿನ ಮಾದರಿಯು ಸುಮಾರು 65 ಕಿಲೋಮೀಟರ್ ಎತ್ತರಕ್ಕೇರಿ, ಶಬ್ದದ ಐದು ಪಟ್ಟು ವೇಗದಲ್ಲಿ ಮರಳಿ ಬಂಗಾಳ ಕೊಲ್ಲಿಗಿಳಿದಿತ್ತು. ಕಕ್ಷೆಯಿಂದ ಮರಳುವ ಪರೀಕ್ಷೆ ಮುಂದಿನ ಮೆಟ್ಟಿಲು.

ಈ ಲೆಕ್ಕದ ಬೇರು ಪ್ರೌಢಶಾಲೆಯ ಭೌತವಿಜ್ಞಾನದಲ್ಲಿದೆ: ಚಲನೆಯ ನಿಯಮಗಳು, ಸಂವೇಗದ ಸಂರಕ್ಷಣೆ. ನಮ್ಮ ಮಕ್ಕಳು ಅವನ್ನು ಕನ್ನಡದಲ್ಲೇ ಓದುತ್ತಾರೆ. ಮನೆಯಲ್ಲಿಯೂ ಆ ಮಾತನ್ನು ಕನ್ನಡದಲ್ಲೇ ಮುಂದುವರಿಸುವುದು ಹೆತ್ತವರ ಪಾಲಿನ ಕೆಲಸ.