ಬ್ಯಾಂಡಿಂಗ್: ಪೆಟ್ಟು ಯಾರಿಗೆ?

ಗಣಿತಜ್ಞ ರಿಚರ್ಡ್ ಗಾರ್‌ಫೀಲ್ಡ್ ರೂಪಿಸಿ, 1993ರಲ್ಲಿ ಅಮೆರಿಕದಲ್ಲಿ ಹೊರಬಂದ 'ಮ್ಯಾಜಿಕ್: ದಿ ಗ್ಯಾದರಿಂಗ್' ಆಟದಲ್ಲಿ ಪ್ರತಿಯೊಬ್ಬರೂ ತಮ್ಮ ಎಲೆಗಳ ಕಟ್ಟನ್ನು ತಾವೇ ಆಯ್ದು ಜೋಡಿಸಿಕೊಳ್ಳಬೇಕು. ಕಟ್ಟಿನಲ್ಲಿ ಕನಿಷ್ಠ 60 ಎಲೆಗಳಿರಬೇಕು. ಮೂಲ ಭೂಮಿಗಳನ್ನು ಬಿಟ್ಟರೆ ಒಂದೇ ಹೆಸರಿನವು 4ನ್ನು ಮೀರಬಾರದು.

ಮೊದಲ ಕಂತಿನಲ್ಲೇ ಇದ್ದ 'ಬ್ಯಾಂಡಿಂಗ್' ವಿಚಿತ್ರ ಗುಣ. ಅದುಳ್ಳ ಯೋಧರು, ಅದಿಲ್ಲದ ಒಬ್ಬನನ್ನೂ ಸೇರಿಸಿಕೊಂಡು, ಒಂದೇ ತಂಡವಾಗಿ ದಾಳಿ ಮಾಡಬಹುದು. ಒಬ್ಬನನ್ನು ತಡೆದರೆ ಇಡೀ ತಂಡವನ್ನೇ ತಡೆದಂತೆ. ಆದರೆ ತಡೆದವನ ಪೆಟ್ಟು ತಂಡದಲ್ಲಿ ಯಾರ ಮೇಲೆ ಬೀಳಬೇಕೆಂದು ನಿರ್ಧರಿಸುವವರು ನೀವು!

ಇದನ್ನು ನಂಬಿ ಕಟ್ಟು ಜೋಡಿಸುವುದು ಹೇಗೆ? ಅಗ್ಗದ 'ಬೆನಾಲಿಷ್ ಹೀರೋ' 4, 'ವೈಟ್ ನೈಟ್' 4 ಇಟ್ಟುಕೊಳ್ಳಿ. ಬ್ಯಾಂಡಿಂಗ್ ಇರುವುದು ಹೀರೋಗೆ ಮಾತ್ರ. ನೈಟ್‌ಗೆ ಕಪ್ಪು ಬಣ್ಣದಿಂದ ರಕ್ಷಣೆಯಿದೆ. ಕಪ್ಪು ಜೀವಿ ಅವನನ್ನು ನೇರವಾಗಿ ತಡೆಯಲಾರದು, ನೋಯಿಸಲೂ ಆರದು. ಅದು ಹೀರೋನನ್ನು ತಡೆಯಿತೆನ್ನಿ. ತಂಡದ ನಿಯಮದಂತೆ ನೈಟ್ ಕೂಡ ಕಾಳಗಕ್ಕೆ ಬರುತ್ತಾನೆ. ಅದರ ಪೆಟ್ಟನ್ನೆಲ್ಲ ಅವನ ಮೇಲೆ ಹಾಕಿ, ಎಲ್ಲವೂ ವ್ಯರ್ಥ! ಮೇಲಾಗಿ ಮೊದಲ ಏಟೂ ಅವನದೇ. ಎದುರಾಳಿಯ ಬಣ್ಣ ಕೆಂಪೋ ಹಸಿರೋ ಆದರೆ ಮಾತ್ರ ಹೀರೋ ಬಲಿಯಾಗಬೇಕು, ಪಾಪ.

ಹಾರುವ 'ಮೆಸಾ ಪೆಗಾಸಸ್'ಗೂ ಬ್ಯಾಂಡಿಂಗ್ ಇದೆ. ಅದನ್ನು ನೆಲದವರೊಡನೆ ಸೇರಿಸುವಾಗ ಎಚ್ಚರ: ಹಾರಾಟ ತಂಡಕ್ಕೆ ಹಂಚಿಕೆಯಾಗದು.

ನಿಯಮ ತೊಡಕಿನದು, 1997ರ 'ವೆದರ್‌ಲೈಟ್' ಕಂತಿನ ಬಳಿಕ ಪ್ರಕಾಶಕರು ಇದನ್ನು ಕೈಬಿಟ್ಟರು. ಹಳೆಯ ಎಲೆಗಳನ್ನು ಇಟ್ಟುಕೊಂಡವರಿಗೆ ಅದೇ ಅನುಕೂಲ: ಎದುರಾಳಿಗೆ ಲೆಕ್ಕ ತಿಳಿಯುವಷ್ಟರಲ್ಲಿ ಕಾಳಗ ಮುಗಿದಿರುತ್ತದೆ.